ಆಂಟಿ ಇಲ್ದೆ ಗೇಮ್ ಓಪನ್ ಆಗಲ್ಲ

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು: "ಯಾರು ಅಂತ ಕೇಳಿ ಬಾಗ್ಲು ತೆಗೀರಿ. ಯಾರು ಬಡಿದ್ರೂ ತೆಗೆದ್ಬುಡ್ತೀರ ನೀವು."

ಬಡಿದವನು ಗ್ಯಾಸಿನವನು. ನಾನು ಕೇಳಲಿಲ್ಲ. ತೆಗೆದೆ. ತುಂಬಿದ ಸಿಲಿಂಡರ್ ಒಳಗಿಟ್ಟು, ಖಾಲಿದು ಕೊಟ್ಟು ಬರುವ ಹೊತ್ತಿಗೆ ಅವಳು ಇರಲಿಲ್ಲ. ಮಂಚದ ಮೇಲೇ ಇದ್ದಳು. ಇರಲಿಲ್ಲ.

ತಿಥಿಗೆ ಬಂದ ನೆಂಟರು ಕಣ್ಣು ಒರೆಸಿಕೊಂಡು ಕೇಳಿದರು, "ಕೊನೇಗೆ ಏನಾದ್ರೂ ಅಂದ್ಲಾ?"

"ಅಂದ್ಲು. ಬೈದ್ಲು" ಅಂದೆ.

ಅಳುತ್ತಿದ್ದವರು ಎದ್ದು ಹೋಗಿ ಎಲೆ ಮುಂದೆ ಕೂತರು.

ಅವಳು ಬೈದದ್ದು ಸರಿಯೇ. ಬಾಗಿಲು ಇರುವ ತನಕ ಬಡಿಯೋರು ಇರ್ತಾರೆ. ಬಡಿಯೋರು ಇರುವ ತನಕ ನಾನು ತೆಗೀತೀನಿ. ಅದಕ್ಕೇ ಇಂಥವೆಲ್ಲ ನನ್ನನ್ನೇ ಹುಡುಕ್ಕೊಂಡು ಬರ್ತವೆ.

ಮಧುಗಿರಿ ಬಸ್ ಸ್ಟ್ಯಾಂಡ್ ಹಿಂದೆ ನಮ್ಮದೊಂದು ಗೇಮ್ ಸೆಂಟರ್. ನಮ್ಮದು ಅನ್ನೋದಕ್ಕಿಂತ ಅವಳದು. ಅವಳು ಪಿಯುಸಿ ಓದಿದ್ದಳು, ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟೆ. ಅವಳು ಕಂಪ್ಯೂಟರ್ ನೋಡ್ಕೊಳ್ತಿದ್ದಳು, ನಾನು ಕಂಪ್ಯೂಟರ್ ಮೇಲಿನ ಧೂಳು ನೋಡ್ಕೊಳ್ತಿದ್ದೆ. ಆಡೋಕೆ ಬರೋರಿಗೆಲ್ಲ ಅವಳು ಆಂಟಿ. ನಾನು ಆಂಟಿ ಯಜಮಾನ್ರು.

ಹೊತ್ತಾದರೂ ಯಾರೂ ಏಳ್ತಿರಲಿಲ್ಲ. ಕೂಗಿ ಕೂಗಿ ಅವಳಿಗೆ ಗಂಟಲು ಹೋಯ್ತು. ಆಗ ಒಂದು ಉಪಾಯ ಮಾಡಿದಳು. ಸಿರಾದಿಂದ ಬರೋ ರಿಪೇರಿಯವನಿಗೆ ಹೇಳಿ ಒಂದು ಸಣ್ಣ ಪ್ರೋಗ್ರಾಮು ಮಾಡಿಸಿದಳು. ಗಂಟೆ ಆದ ತಕ್ಷಣ ಆಟದ ಮೇಲೆ ಒಂದು ದಾಸವಾಳ ಹೂವು ಬಂದು ಮುಚ್ಚಿಕೊಳ್ಳುತ್ತೆ. ಆಡ್ತಿರೋನ ಕಿವೀಲಿ ಅವಳ ದನಿ ಬರುತ್ತೆ: "ಟೈಮ್ ಆಯ್ತು ಕಣಪ್ಪ, ಏಳು. ನೀರು ಕುಡಿ. ಮನೆಗೆ ಹೋಗು."

ಅವಳು ಹೋದ ಮೇಲೂ ಅದು ಹಾಗೇ ಇತ್ತು. ಅವಳ ಫೋಟೋ ಮನೇಲಿದೆ. ದನಿ ಅಂಗಡೀಲಿದೆ. ಯಾರಾದರೂ ಎದ್ದು ಹೋದ ಮೇಲೆ ನಾನು ಆ ಕುರ್ಚೀಲಿ ಕೂತು ಹೆಡ್‌ಫೋನ್ ಹಾಕ್ಕೊಂಡು ಅವಳನ್ನ ಇನ್ನೊಂದು ಸಲ ಕೇಳ್ತಿದ್ದೆ. ಧೂಳು ಒರೆಸೋ ನೆಪದಲ್ಲಿ.

ಆಂಟಿ ಲೇದು

ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಮಾಡೋನೊಬ್ಬ ರಜೆ ದಿನ ನಮ್ಮಲ್ಲಿಗೆ ಬರ್ತಾನೆ. ಮಧುಗಿರೀಲಿ ಅವನ ಅಕ್ಕನ ಮನೆ. ಅಕ್ಕನ ಮನೇಲಿ ಚೀಲ ಇಟ್ಟು ಇಲ್ಲಿಗೆ ಬಂದ ಅಂದ್ರೆ ಊಟಕ್ಕೆ ಅಕ್ಕನೇ ಬಂದು ಎಬ್ಬಿಸಬೇಕು. ಅವನ ಮಾತಲ್ಲಿ ಅರ್ಧ ತೆಲುಗು. ನನ್ನನ್ನ 'ಅನ್ನಾ' ಅಂತಾನೆ.

"ಅನ್ನಾ, ಹಳೇ ಗೇಮ್ ಬೇಜಾರು. ಹೊಸದು ಹಾಕ್ಸು. ಎಲ್ಲಾ ಕಡೆ ಅದನ್ನೇ ಆಡ್ತಾವ್ರೆ" ಅಂದ.

ಹಾಕಿಸಿದೆ. ಅವನು ಕೂತು ಏನೇನೋ ಒತ್ತಿದ. ಆಮೇಲೆ ತಿರುಗಿ ಅಂದ, "ಅನ್ನಾ, ಆಂಟಿಚೀಟ್ ಲೇದು. ಆಂಟಿಚೀಟ್ ಇಲ್ದೆ ಗೇಮ್ ಓಪನ್ ಆಗಲ್ಲ."

ನನಗೆ ಕೇಳಿಸಿದ್ದು 'ಆಂಟಿ ಲೇದು' ಅಂತ. ಲೇದು ಅಂದ್ರೆ ಇಲ್ಲ ಅಂತ ನನಗೂ ಗೊತ್ತು. ನಾನು ಆಚೆ ಬಂದೆ. ಗೋಡೆ ಕಡೆ ಮುಖ ಮಾಡ್ಕೊಂಡು ನಿಂತೆ.

ಅವನು ಹಿಂದೇ ಬಂದ. "ಏಮಯ್ಯಿಂದಿ ಅನ್ನಾ, ಏನಾಯ್ತು?"

"ಆಂಟಿ ಇಲ್ಲ ಅನ್ನೋದು ನನಗೆ ಗೊತ್ತು ಕಣಪ್ಪ. ಅದು ಗೇಮಿಗೂ ಗೊತ್ತಾಗೋಯ್ತಾ?"

ಅವನು ನನ್ನನ್ನ ಮೆಟ್ಟಿಲ ಮೇಲೆ ಕೂರಿಸಿದ. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದ. ಆಂಟಿಚೀಟ್ ಅಂದ್ರೆ ಆಟದಲ್ಲಿ ಮೋಸ ಮಾಡೋರನ್ನ ಹಿಡಿಯೋ ಸಾಫ್ಟ್‌ವೇರ್. ಗೇಮಿನ ಜೊತೆ ಅದೂ ಒಳಗೆ ಬರಬೇಕು. ಬರಲಿಲ್ಲ ಅಂದ್ರೆ ಗೇಮೂ ಬರಲ್ಲ.

ನಮ್ಮ ಅಂಗಡಿ ಮೆಟ್ಟಿಲ ಹತ್ರ ಒಬ್ಬ ಹೂವಿನಮ್ಮ ಕೂರ್ತಾಳೆ. ಅವಳ ಕೈ ಹೂವು ಕಟ್ತಿರುತ್ತೆ, ಕಿವಿ ನಮ್ಮ ಅಂಗಡೀಲಿರುತ್ತೆ. "ಯಾವ ಆಂಟಿ ಯಜಮಾನ್ರೆ ಚೀಟಿ ಹಾಕ್ತಿರೋದು? ನನ್ನೂ ಸೇರುಸ್ಕಳ್ಳಿ" ಅಂದಳು.

ಚೀಟಿ ಅಲ್ಲ ಕಣಮ್ಮ, ಮೋಸ ಹಿಡಿಯೋ ಮಿಷನ್ನು ಅಂದೆ.

ಅವಳು ಹೂವಿನ ದಾರ ಹಲ್ಲಲ್ಲಿ ಕಡಿದು ಅಂದಳು, "ಅದ್ಕೂ ಮಿಷನ್ನಾ? ನಾವು ಸಣ್ಣೋರಿದ್ದಾಗ ನಮ್ಮಮ್ಮ ಸ್ಕೇಲಲ್ಲಿ ನಾಕು ಬಾರ್ಸಿ ಹಿಡೀತಿದ್ಲಲ್ಲ."

ಕರ್ನಲ್ ಪರ್ಮಿಷನ್

ಆಂಟಿಚೀಟ್ ಹಾಕೋಕೆ ಸಿರಾದ ರಿಪೇರಿಯವನನ್ನ ಕರೆಸಿದೆ. ಒಳ್ಳೆಯವನು. ನನ್ನನ್ನ ಚಾಚಾ ಅಂತಾನೆ. ಟೀ ಕುಡಿಯೋ ತನಕ ಕಂಪ್ಯೂಟರ್ ಮುಟ್ಟಲ್ಲ.

ಟೀ ಆಯ್ತು. ಪರದೆ ಮೇಲೆ ಬಂದದ್ದನ್ನ ಓದಿ ತಲೆ ಕೆರ್ಕೊಂಡ. "ಚಾಚಾ, ಇದು ಸುಮ್ನೆ ಮೇಲ್ಗಡೆ ಕೂರೋದಲ್ಲ. ಕರ್ನಲ್ ಲೆವೆಲ್‌ದು. ಕರ್ನಲ್ ಪರ್ಮಿಷನ್ ಕೇಳ್ತಾ ಇದೆ."

ನನಗೆ ಗೊತ್ತಿರೋ ಕರ್ನಲ್ ಒಬ್ಬರೇ. ಕೊರಟಗೆರೇಲಿದ್ದಾರೆ. ಮಿಲಿಟರೀಲಿ ಅಡುಗೆ ಮಾಡ್ತಿದ್ದೋರು, ಚಪಾತಿ ಲಟ್ಟಿಸಿ ಲಟ್ಟಿಸಿ ತೋಳು ಗಟ್ಟಿಯಾಗಿದೆ. ಮೀಸೆ ನೋಡಿ ಜನ ಕರ್ನಲ್ ಅಂದರು, ಅವರು ಬೇಡ ಅನ್ನಲಿಲ್ಲ. ನಮ್ಮಲ್ಲಿಗೆ ಬಂದು ಇಸ್ಪೀಟ್ ಗೇಮ್ ಆಡ್ತಾರೆ.

ಫೋನ್ ಮಾಡಿದೆ. "ಸಾಹೇಬ್ರೆ, ನಿಮ್ಮ ಪರ್ಮಿಷನ್ ಬೇಕಂತೆ."

"ಯಾರಿಗೆ?"

"ಕಂಪ್ಯೂಟರಿಗೆ."

"ಬರ್ತೀನಿ" ಅಂದರು.

ಕೊರಟಗೆರೆ ಬಸ್ಸಲ್ಲಿ ಬಂದೇಬಿಟ್ಟರು. ಇಸ್ತ್ರಿ ಷರ್ಟು, ಪಾಲಿಷ್ ಮಾಡಿದ ಬೂಟು. ಕುರ್ಚಿ ಎಳ್ಕೊಂಡು ನೆಟ್ಟಗೆ ಕೂತರು. "ವಿಷಯ ಏನು?"

ರಿಪೇರಿಯವನು ನನ್ನ ನೋಡಿದ, ಅವರನ್ನ ನೋಡಿದ. ಕರ್ನಲ್ ಅಂದ್ರೆ ಕಂಪ್ಯೂಟರಿನ ಒಳಗಿನ ಒಳಗು ಅಂತ ಹೇಳೋಕೆ ಹೊರಟ. ಆ ಮೀಸೆ ನೋಡಿ ಮಾತು ಬದಲಾಯಿಸಿದ. "ಮೋಸ ಮಾಡೋರನ್ನ ಹಿಡಿಯೋಕೆ ಸರ್" ಅಂದ.

ಸಾಹೇಬರು ಯೋಚನೆ ಮಾಡಿದರು. ಮೀಸೆ ಸವರಿಕೊಂಡರು. "ಕೊಟ್ಟೆ" ಅಂದರು.

ರಿಪೇರಿಯವನು ಅದೇ ಹೊತ್ತಿಗೆ ಯೆಸ್ ಒತ್ತಿದ. ಗೇಮ್ ಓಪನ್ ಆಯ್ತು.

ಅವರನ್ನ ಬಸ್ ಹತ್ತಿಸಿ ಬಂದ ಮೇಲೆ ಅವನು ನನಗೆ ನಿಜ ಹೇಳಿದ. "ಚಾಚಾ, ಆ ಜಾಗದಲ್ಲಿ ಕೂತ್ರೆ ಕಂಪ್ಯೂಟರ್‌ದು ಎಲ್ಲಾ ಕಾಣ್ತದೆ."

"ಗರ್ಭಗುಡಿ ಅನ್ನು."

"ಹಾಂ. ಪೂಜಾರಿ ಬಿಟ್ಟು ಯಾರೂ ಹೋಗಬಾರದ ಕಡೆ."

"ಅಲ್ಲಿ ಕೂತು ಏನೇನು ನೋಡುತ್ತೆ?"

"ಏನ್ ಬೇಕಾದ್ರೂ ನೋಡಬಹುದು. ನೋಡ್ತದೋ ಇಲ್ವೋ, ಅದನ್ನ ಮಾಡಿದೋರಿಗೇ ಗೊತ್ತು."

"ಆಟ ಮುಗಿದ ಮೇಲಾದ್ರೂ ಎದ್ದು ಹೋಗುತ್ತಾ?"

"ಇಲ್ಲ ಚಾಚಾ. ಕಂಪ್ಯೂಟರ್ ಆನ್ ಮಾಡಿದ್ರೆ ನಮಗಿಂತ ಮುಂಚೆ ಎದ್ದು ಕೂತಿರ್ತದೆ."

ಅವಳಿದ್ದಿದ್ದರೆ ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ ಅಂತ ಮೂರೂ ಕೇಳ್ತಿದ್ದಳು. ನಾನು ತೆಗೆದ್ಬುಟ್ಟಿದ್ದೆ.

ಕೊರಟಗೆರೆ ಸಾಹೇಬರು ಇವತ್ತಿಗೂ ಬಸ್ಸಲ್ಲಿ ಪಕ್ಕ ಕೂತೋರಿಗೆ ಹೇಳ್ತಾರಂತೆ, "ಮಧುಗಿರೀಲಿ ಗೇಮ್ ನಡೀತಿರೋದು ನನ್ನ ಪರ್ಮಿಷನ್ ಮೇಲೆ."

ಗೊರವನಹಳ್ಳಿ ಪ್ರಸಾದ

ಎಲ್ಲಾ ನೋಡೋ ಸಾಫ್ಟ್‌ವೇರ್ ಬಂದದೆ ಅನ್ನೋ ಸುದ್ದಿ ಬಸ್ ಸ್ಟ್ಯಾಂಡಿಗೆಲ್ಲ ಹಬ್ಬಿತು. ಹಬ್ಬಿಸಿದವಳು ಹೂವಿನಮ್ಮ.

ನಮ್ಮಲ್ಲಿಗೆ ಶುಕ್ರವಾರ ಒಬ್ಬರು ಬರ್ತಾರೆ. ಪಾತ್ರೆ ಅಂಗಡಿ ಇಟ್ಟೋರು, ಹಣೆ ತುಂಬ ವಿಭೂತಿ. ಮನೇಲಿ ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಹೋಗ್ತೀನಿ ಅಂತ ಹೇಳಿ ಬರೋದು. ಇಲ್ಲಿ ಕೂತು ಕಾರ್ ರೇಸ್ ಆಡೋದು. ಸಂಜೆ ಹೂವು ಕುಂಕುಮ ಹಿಡ್ಕೊಂಡು ಮನೆಗೆ ಹೋಗೋದು.

ಸುದ್ದಿ ಕೇಳಿ ಅವರ ಬಣ್ಣ ಇಳಿದುಹೋಗಿತ್ತು. "ಯಜಮಾನ್ರೆ, ಅದು ನನ್ನನ್ನ ನೋಡುತ್ತಾ?"

"ನೋಡಬಹುದಂತೆ."

"ನಾನು ಇಲ್ಲಿದ್ದೆ ಅಂತ ಬರ್ಕೊಳ್ಳುತ್ತಾ?"

"ಬರ್ಕೋಬಹುದಂತೆ."

"ನಮ್ಮನೆಯವಳಿಗೆ ಹೇಳುತ್ತಾ?"

"ಆ ಮಟ್ಟಕ್ಕೆ ಇಳಿಯಲ್ಲ ಅಂದ್ಕೊತೀನಿ" ಅಂದೆ.

ಅವರಿಗೆ ಸಮಾಧಾನ ಆಗಲಿಲ್ಲ. ಕಂಪ್ಯೂಟರ್ ಮೇಲಿನ ಕ್ಯಾಮೆರಾಕ್ಕೆ ಕರ್ಚೀಫ್ ಸುತ್ತಿದರು. ಮುಂದಿನ ಸಲ ಬರುವಾಗ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿಕೊಂಡು ಬಂದು ಅದರ ಮೇಲೆ ನೇತುಹಾಕಿದರು. ಆಟದಲ್ಲಿ ತಮ್ಮ ಹೆಸರು ತೆಗೆದು ಹೆಂಡತಿ ತಮ್ಮನ ಹೆಸರು ಹಾಕಿದರು. ಆದರೂ ಕಾರು ತಿರುವಿಗೆ ಬಂದಾಗೆಲ್ಲ ಹಿಂದೆ ತಿರುಗಿ ನೋಡೋರು. ಪ್ರತಿ ಸಲ ಗುದ್ದೋರು.

ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಹೂವಿನಮ್ಮನಿಗೆ ಅಂದರು, "ಕಾಲ ಕೆಟ್ಟೋಯ್ತು ಕಣಮ್ಮ. ಮನುಷ್ಯ ಎಲ್ಲಿ ಹೋಗ್ತಾನೆ, ಏನು ಮಾಡ್ತಾನೆ, ಎಲ್ಲಾ ಕಂಪ್ಯೂಟರಿಗೆ ಗೊತ್ತಾಗುತ್ತೆ."

ಹೂವಿನಮ್ಮ ಮೊಳ ಹಾಕ್ತಾ ಅಂದಳು, "ಅದ್ಕೆ ಕಂಪ್ಯೂಟರ್ ಯಾಕ್ರಾ ಸ್ವಾಮಿ? ಗೊರವನಹಳ್ಳಿ ಪ್ರಸಾದದ ಹೂವ ನೀವು ಪ್ರತಿ ಶುಕ್ರವಾರ ತಗೊಳ್ಳೋದು ನನ್ನ ಪುಟ್ಟೀಲೇ ಅಲ್ವರಾ? ನಿಮ್ಮನೆಯಮ್ಮ ಮೊನ್ನೆ ಸಿಕ್ಕಿದ್ರು. ಲಕ್ಷ್ಮಿ ಪ್ರಸಾದಕ್ಕೆ ಈ ವಾರ ಮಲ್ಲಿಗೆ ಯಾಕೆ ಕಮ್ಮಿ ಹಾಕಿದ್ದೀಯ ಅಂತ ನನ್ನೇ ಬೈದ್ರು."

ಮನುಷ್ಯರ ಕೈ ಅಲ್ಲ

ಗೌಡಗೆರೆ ಕಡೆಯ ಒಬ್ಬ ನರ್ಸಮ್ಮ ಇಲ್ಲೊಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತಾಳೆ. ಸಿರಾ ಬಸ್ ಬರೋ ತನಕ ನಮ್ಮಲ್ಲಿ ಕೂತು ಆಡ್ತಾಳೆ. ಕೈ ಬಲು ಜೋರು. ಕೀಬೋರ್ಡ್ ಮೇಲೆ ಬೆರಳು ಓಡೋದು ಕಾಣಲ್ಲ, ಸದ್ದು ಮಾತ್ರ ಕೇಳುತ್ತೆ.

ಒಂದು ಸಂಜೆ ಆಂಟಿಚೀಟ್ ಅವಳನ್ನ ಆಚೆ ಹಾಕಿತು. ಪರದೆ ತುಂಬ ಕೆಂಪು ಅಕ್ಷರ.

"ಏನಂತೆ ತಾಯಿ?" ಅಂದೆ.

"ಇಷ್ಟು ಬೇಗ ಒತ್ತೋಕೆ ಮನುಷ್ಯರ ಕೈಲಿ ಆಗಲ್ವಂತೆ ಯಜಮಾನ್ರೆ. ನಾನು ಯಾವುದೋ ಮಿಷನ್ ಇಟ್ಕೊಂಡಿದೀನಂತೆ."

"ಇಟ್ಕೊಂಡಿದೀಯಾ?"

ಅವಳು ಹತ್ತು ಬೆರಳೂ ಎತ್ತಿ ತೋರಿಸಿದಳು. "ಕಡ್ಲೆಕಾಯಿ ಬಿಡ್ಸಿ ಬೆಳೆದ ಕೈ ಇದು. ನಮ್ಮ ಕಡೆ ಎಲ್ಲರ ಕೈನೂ ಇಂಗೇ."

ಕಂಪನಿಗೆ ಬರೆದು ಹಾಕು ಅಂದೆ. ಬರೆದಳು. ಉತ್ತರ ಬಂತು. ನೀನು ನಿಜವಾಗ್ಲೂ ನೀನೇ ಅಂತ ತೋರಿಸೋಕೆ ಆಧಾರ್ ತರದ್ದು ಏನಾದ್ರೂ ಒಂದರ ಫೋಟೋ ಕಳಿಸು ಅಂತ ಇತ್ತಂತೆ.

"ಅಲ್ಲ ಯಜಮಾನ್ರೆ, ಕೈ ನನ್ನದಲ್ಲ ಅಂತಾವ್ರೆ. ಮುಖದ ಫೋಟೋ ಕೇಳ್ತಾವ್ರೆ. ಯಾರೋ ಏನೋ, ನಾನ್ಯಾಕೆ ಕೊಡ್ಲಿ?" ಅಂತ ಎದ್ದಳು. ಎದ್ದು ಚೀಲ ಹೆಗಲಿಗೆ ಹಾಕ್ಕೊಂಡು ನಕ್ಕಳು.

"ಯಾಕವ್ವ ನಗ್ತೀಯ?"

"ನಮ್ಮತ್ತೆ ದಿನಾ ಬೈತದೆ, ನಿನ್ನ ಕೈ ಕಟ್ಟೋಗೈತೇನೆ, ಒಂದು ಮೂಟೆ ಬಿಡ್ಸಕೆ ಇಷ್ಟೊತ್ತಾ ಅಂತ. ಅತ್ತೇನೂ ಈ ಕಂಪನಿಯೋರನ್ನೂ ಒಂದು ಕಡೆ ಕೂರಿಸಬೇಕು."

ಆಂಟಿ ಸಿಕ್ಕಿಬಿದ್ದದ್ದು

ಅದಾಗಿ ಸ್ವಲ್ಪ ದಿನಕ್ಕೆ ಆಂಟಿಚೀಟ್‌ಗೆ ಹೊಸ ಅಪ್‌ಡೇಟ್ ಬಂತು. ಒಳಗೆ ಬರಲಾ ಅಂತ ಕೇಳಿತು. ಎಂದಿನ ಹಾಗೆ ಯೆಸ್ ಒತ್ತಿದೆ.

ಭಾನುವಾರ. ಎಲ್ಲರೂ ಒಟ್ಟಿಗೇ ಬಂದು ಕೂತು ಸೀಟು ತುಂಬಿತ್ತು. ಪಾವಗಡದವನು ಇದ್ದ, ಕೊರಟಗೆರೆ ಸಾಹೇಬರು ಇದ್ದರು. ಗಂಟೆ ಆಯ್ತು. ದಾಸವಾಳ ಬಂತು. ಅವಳ ದನಿ ಬಂದಿರಬೇಕು, ಎಲ್ಲರ ಕಿವೀಲಿ. "ಟೈಮ್ ಆಯ್ತು" ಅನ್ನೋ ಅಷ್ಟರಲ್ಲಿ ಎಲ್ಲಾ ಕಂಪ್ಯೂಟರೂ ಒಟ್ಟಿಗೆ ಕೆಂಪಾದವು.

ಸಿರಾದವನು ಬೇರೆ ಕೆಲಸಕ್ಕೆ ಮಧುಗಿರಿಗೇ ಬಂದಿದ್ದ. ಓಡಿಬಂದ. ಆವತ್ತು ಟೀ ಕೇಳಲಿಲ್ಲ. ಕೌಂಟರ್ ಕಂಪ್ಯೂಟರ್ ಮುಂದೆ ಕೂತು ಬಹಳ ಹೊತ್ತು ನೋಡಿದ.

"ಚಾಚಾ, ಹೆಂಗೆ ಹೇಳೋದು. ಅದು ಆಂಟೀನ ಹಿಡಿದದೆ."

"ಯಾವ ಆಂಟೀನ?"

"ನಮ್ಮ ಆಂಟೀನೇ. ಗೇಮ್ ಮೇಲೆ ಇನ್ನೇನೋ ಬಂದು ಮುಚ್ಚಿದ್ರೆ ಅದನ್ನ ಮೋಸ ಅಂತದೆ. ಆ ಹೂವು, ಆ ದನಿ, ಅದನ್ನ ಕಳ್ಳ ಪ್ರೋಗ್ರಾಮು ಅಂತಾ ಇದೆ."

ನಾನು ಕೂತೆ. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ಹಾಲಿಗೆ ನೀರು ಹಾಕಿದೋಳಲ್ಲ. ಯಾರೋ ಮರೆತು ಹೋದ ಹೆಲ್ಮೆಟ್ಟು ಇಂದಿಗೂ ಅಟ್ಟದ ಮೇಲಿದೆ, ಕೇಳ್ಕೊಂಡು ಬರ್ತಾನೆ ಅಂತ ಎತ್ತಿಟ್ಟಿದ್ದಳು.

"ಈಗ ಏನು ಮಾಡಬೇಕಂತೆ?"

"ಆಂಟಿ ಪ್ರೋಗ್ರಾಮು ಈ ಕೌಂಟರ್ ಮಿಷನ್ನಿಂದ ಎಲ್ಲಾದಕ್ಕೂ ಹೋಗೋದು. ಇಲ್ಲಿ ಅಳಿಸಿದ್ರೆ ಎಲ್ಲಾ ಕಡೆ ಹೋಗ್ತದೆ. ಗೇಮ್ ಓಪನ್ ಆಗ್ತದೆ. ಅಳಿಸಲಿಲ್ಲ ಅಂದ್ರೆ ಗೇಮ್ ಇಲ್ಲ." ಆಮೇಲೆ ಮೆತ್ತಗೆ ಅಂದ, "ದನೀನ ನಿಮ್ಮ ಫೋನಿಗೆ ಹಾಕ್ಕೊಡ್ತೀನಿ ಚಾಚಾ."

"ಫೋನಲ್ಲಿ ಕೂತು ಅವಳು ಯಾರಿಗೆ ಏಳು ಅಂತಾಳಪ್ಪ?"

ಅವನು ಮೌಸ್ ನನ್ನ ಕಡೆ ಸರಿಸಿದ.

ಪರದೆ ಮೇಲೆ ಒಂದು ಡಬ್ಬಿ ಬಂದಿತ್ತು. ಅಳಿಸಲಾ ಅಂತ ಕೇಳ್ತಿತ್ತು. ಯೆಸ್, ನೋ. ಅಷ್ಟು ಇಂಗ್ಲಿಷ್ ನನಗೆ ಬರುತ್ತೆ. ಮೌಸ್ ಹಿಡಿದೆ. ಕೈ ತಾನಾಗೇ ಯೆಸ್ ಕಡೆ ಹೋಗ್ತಿತ್ತು, ರೂಢಿ.

ಹಿಂದಿನಿಂದ ಪಾವಗಡದವನು, "ವದ್ದು ಅನ್ನಾ. ವದ್ದು" ಅಂದ. ತೆಲುಗಲ್ಲಿ ಬೇಡ ಅಂತ.

ಕೊರಟಗೆರೆ ಸಾಹೇಬರು ಎದ್ದು ನಿಂತರು. "ಒದ್ದರೆ ಸರಿಹೋಗೋ ಹಂಗಿದ್ರೆ ನಾನೇ ಒದೀತೀನಿ. ಪಕ್ಕಕ್ಕೆ ಬನ್ನಿ" ಅಂದರು. ಬೂಟಿನ ಲೇಸ್ ಬಿಗಿ ಮಾಡ್ಕೊಂಡರು.

ಇನ್ಯಾವತ್ತಾದರೂ ಆಗಿದ್ದರೆ ನಗ್ತಿದ್ದೆ. ಆ ಡಬ್ಬೀನೇ ನೋಡಿದೆ. ಬಾಗಿಲು ಬಡಿದ ಹಾಗಿತ್ತು.

"ಯಾರು ನೀನು?" ಅಂದೆ.

ರಿಪೇರಿಯವನು ನನ್ನ ಹೆಗಲ ಮೇಲೆ ಕೈ ಇಟ್ಟ. "ಚಾಚಾ, ಅದು ಮಾತಾಡಲ್ಲ."

"ಕೇಳಿ ಅಂದಿದ್ದಳು. ಕೇಳ್ದೆ" ಅಂದೆ. ನೋ ಒತ್ತಿದೆ.

ಗೇಮ್ ಹೋಯ್ತು. ಎಲ್ಲರೂ ಚಪ್ಪಲಿ ಹಾಕ್ಕೊಂಡು ಸದ್ದು ಮಾಡದೆ ಹೊರಟರು. ಶಟರ್ ಎಳೆದೆ. ಇನ್ನೂ ಬಿಸಿಲಿತ್ತು.

ಮಾರನೇ ದಿನ ಬೆಳಿಗ್ಗೆ ಶಟರ್ ಎತ್ತಿದೆ. ಕೌಂಟರ್ ಕಂಪ್ಯೂಟರಿನ ಹಿಂದೆ ಕೈ ಹಾಕಿ ನೆಟ್ ವೈರು ಕಿತ್ತೆ. ಕಂಪ್ಯೂಟರನ್ನೇ ಎತ್ಕೊಂಡು ಬಂದು ಬಾಗಿಲ ಪಕ್ಕದ ಸ್ಟೂಲ್ ಮೇಲೆ ಇಟ್ಟೆ, ಅವಳು ಕೂರ್ತಿದ್ದ ಸ್ಟೂಲು. ಸಿರಾದವನಿಗೆ ಫೋನ್ ಮಾಡಿ ಕರೆಸಿದೆ. "ಇದರಲ್ಲಿ ಅವಳು ಇರ್ಲಿ, ಗೇಮ್ ಬೇಡ. ಮಿಕ್ಕಿದ್ದರಲ್ಲಿ ಗೇಮ್ ಇರ್ಲಿ. ಮೋಸ ಹಿಡಿಯೋದು ಒಳಗೆ ಕೂತ್ಕಳ್ಲಿ. ಇವಳು ಬಾಗಿಲಲ್ಲಿ ಕೂತ್ಕಳ್ಲಿ" ಅಂದೆ. ಅವನು ಕಣ್ಣು ಒರೆಸಿಕೊಂಡು ಟೀ ಕೇಳಿದ.

ಈಗ ಹೆಡ್‌ಫೋನಿನಲ್ಲಿ ದನಿ ಬರಲ್ಲ. ಅದಕ್ಕೆ ಗಣೇಶನ ಹಬ್ಬಕ್ಕೆ ಕಟ್ಟೋ ಒಂದು ಸ್ಪೀಕರ್ ಇಸ್ಕೊಂಡು ಬಂದು ಸಿಕ್ಕಿಸಿದೆವು. ಸದ್ದು ಎಷ್ಟಿಡಬೇಕು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಪೂರ್ತಿ ಇಟ್ಟೆವು.

ಆಡೋರು ಬಂದರು. ಕೂತರು. ಗಂಟೆ ಆಯ್ತು.

"ಟೈಮ್ ಆಯ್ತು ಕಣಪ್ಪ, ಏಳು. ನೀರು ಕುಡಿ. ಮನೆಗೆ ಹೋಗು."

ಒಳಗಿದ್ದೋರೆಲ್ಲ ಎದ್ದರು. ಎದುರಿನ ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡ ಆಗಿದ್ದೋನು ಎದ್ದ. ಹೂವಿನಮ್ಮ ಎದ್ದು, ಯಾಕೆ ಎದ್ದೆ ಅಂತ ಮತ್ತೆ ಕೂತಳು. ಟೀ ಅಂಗಡಿ ಬೆಂಚಿನ ಮೇಲೆ ಪಾವಗಡದ ಪ್ರೈವೇಟ್ ಬಸ್ಸಿನ ಡ್ರೈವರ್ ತೂಕಡಿಸ್ತಿದ್ದ. ಟೈಮ್ ಆಯ್ತು ಅಂದದ್ದೇ ತಡ, ಟೀ ಚೆಲ್ಲಿ, ಓಡಿ ಹತ್ತಿ, ಬಸ್ಸು ಬಿಟ್ಟೇಬಿಟ್ಟ. ಕಂಡಕ್ಟರ್ ಇನ್ನೂ ಶೌಚಾಲಯದಲ್ಲಿದ್ದ. ಬಸ್ಸು ಸರ್ಕಲ್ ದಾಟಿತ್ತು.

ಕಂಡಕ್ಟರ್ ಪ್ಯಾಂಟ್ ಎಳ್ಕೊಂಡು ನೇರ ನಮ್ಮ ಅಂಗಡಿಗೆ ಬಂದ. ಏದುಸಿರು ಬಿಡ್ತಿದ್ದ. "ಯಾರ್ರೀ ಅದು? ಯಾರು ಟೈಮ್ ಕೂಗಿದ್ದು?"

"ನಮ್ಮನೆಯವಳು" ಅಂದೆ.

"ಸರಿಯಾಗಿ ಟೈಮ್ ನೋಡ್ಕೊಂಡು ಕೂಗೋಕೆ ಹೇಳ್ರಿ ಅವರಿಗೆ."

"ಹೇಳ್ತೀನಿ" ಅಂದೆ.